ಗೇರ್ ಬಾಕ್ಸಿಗೆ ಬಡಿಸಿದ ಎಣ್ಣೆ

ನಮ್ಮ ಮನೆಯಲ್ಲಿ ಅಳತೆ ನೋಡಿ ಬಡಿಸುವವರಿಗೆ ಮರ್ಯಾದೆಯಿರಲಿಲ್ಲ. ಊಟಕ್ಕೆ ಕೂತವನು ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಸಾಕು, ನಿಮ್ಮ ದಮ್ಮಯ್ಯ" ಅಂದರೂ ಅವನ ಬೆರಳ ಸಂದಿಯಲ್ಲೇ ಒಂದು ಸೌಟು ಸಾರು ಇಳಿಸಿ ಮುಂದೆ ಹೋಗಬೇಕು. ಇದು ಅವ್ವನ ಕಾನೂನು. ಅವ್ವ ಅಂದರೆ ನಮ್ಮಪ್ಪನ ತಾಯಿ. ಮೊದಲನೇ ಸಲ "ಸಾಕು" ಅಂದರೆ ಅದು ನಾಚಿಕೆ, ಎರಡನೇ ಸಲ ಅಂದರೆ ಮರ್ಯಾದೆ, ಮೂರನೇ ಸಲ ಅಂದರೆ ಮಾತ್ರ ಹೊಟ್ಟೆ ತುಂಬಿದೆ ಅಂತ ಅವಳು ತಿಳಿದಿದ್ದಳು. ನಮ್ಮಲ್ಲಿ ಒಮ್ಮೆ ಉಂಡು ಹೋದ ನೆಂಟರು ಮುಂದಿನ ಸಲ ಬರುವಾಗ ಹಿಂದಿನ ದಿನದಿಂದಲೇ ಉಪವಾಸವಿದ್ದು ಬರುತ್ತಿದ್ದರು.

ಇಂಥ ಮನೆಗೆ ಅಪ್ಪ ಕಾರು ತಂದ. ಯುದ್ಧ ಶುರುವಾಗಿ ಪೆಟ್ರೋಲಿಗೆ ಚೀಟಿ ಹಿಡಿದು ನಿಲ್ಲುವ ಕಾಲ ಇನ್ನೂ ಬಂದಿರಲಿಲ್ಲ. ಬೈರಕೂರಿನ ಪಕ್ಕದ ನಮ್ಮ ಊರಿನಲ್ಲಿ ಅಪ್ಪನಿಗೆ ಮಾವಿನ ತೋಪುಗಳಿದ್ದವು. ಚಿನ್ನದ ಗಣಿಯಲ್ಲಿದ್ದ ಒಬ್ಬ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿದ ಹಳೇ ಕಾರು ಅದು. ದೊರೆಯ ಡ್ರೈವರ್ ಹತ್ತಿರ ಕೆಲವು ದಿನ ಕೂತು ಕಲಿತು, ಅಪ್ಪ ತಾನೇ ಡ್ರೈವರು, ತಾನೇ ಮೆಕಾನಿಕ್ಕು, ತಾನೇ ಕ್ಲೀನರು ಆಗಿ ಊರಿಗೆ ಬಂದ. ಮಾವಿನಕಾಯಿ ತುಂಬುವುದಕ್ಕೆ ಕಾರು ಎಂದು ಹೇಳಿದ್ದನೇ ಹೊರತು ಒಂದು ಕಾಯನ್ನೂ ಅದರೊಳಗೆ ಇಡಲು ಬಿಡಲಿಲ್ಲ. ಕಾಯಿ ಗಾಡಿಯಲ್ಲಿ ಹೋಗುತ್ತಿತ್ತು, ಅಪ್ಪ ಹಿಂದೆ ಕಾರಿನಲ್ಲಿ ಹೋಗುತ್ತಿದ್ದ.

ಕಾರಿಗೆ ಮಾಡುವ ಸೇವೆಗಳಲ್ಲೆಲ್ಲ ಅಪ್ಪನಿಗೆ ಬಹಳ ಇಷ್ಟವಾದದ್ದು ಗೇರ್ ಬಾಕ್ಸಿನ ಎಣ್ಣೆ ನೋಡುವುದು. ಕಾರನ್ನು ರಾಗಿ ಬಡಿಯುವ ಕಣದಲ್ಲಿ ನಿಲ್ಲಿಸುತ್ತಿದ್ದ, ಏಕೆಂದರೆ ಕಣದಷ್ಟು ಸಮನಾದ ನೆಲ ಊರಲ್ಲಿ ಬೇರೆ ಇರಲಿಲ್ಲ. ಕಾಲಿಡುವ ಜಾಗದ ಚಾಪೆ ತೆಗೆದು, ಹಲಗೆ ಎತ್ತಿದರೆ ಕೆಳಗೆ ಗೇರ್ ಬಾಕ್ಸಿನ ಬಾಯಿ. ಆ ಬಾಯಿಯೊಳಗೆ ಒಂದು ಕಬ್ಬಿಣದ ಕಡ್ಡಿ. ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಬಿಸಿಲಿಗೆ ಹಿಡಿದು ನೋಡುವನು. ಕಡ್ಡಿಯ ಮೇಲೆ ಎರಡು ಗೀಟುಗಳಿದ್ದವು. ಎಣ್ಣೆ ಕೆಳಗಿನ ಗೀಟಿಗಿಂತ ಇಳಿಯಬಾರದು, ಮೇಲಿನ ಗೀಟಿಗಿಂತ ಏರಬಾರದು. ಕಡಿಮೆಯಾಗಿದ್ದರೆ, ಎತ್ತಿನ ಬಾಯಿಗೆ ಔಷಧ ಹುಯ್ಯುವ ಬಿದಿರಿನ ಗೊಟ್ಟವಿದೆಯಲ್ಲ, ಅದರಲ್ಲಿ ಗೇರ್ ಆಯಿಲ್ ತುಂಬಿ ಬಾಯೊಳಗೆ ಓರೆಯಾಗಿ ಹಿಡಿಯುತ್ತಿದ್ದ. ಆ ಇಕ್ಕಟ್ಟಿನ ಜಾಗಕ್ಕೆ ಗೊಟ್ಟವನ್ನು ಬಿಟ್ಟರೆ ಬೇರೇನೂ ಹೋಗುತ್ತಿರಲಿಲ್ಲ.

ಮೊದಲ ಸಲ ಇದನ್ನು ನೋಡಿದ ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಷ್ಟೇನಾ ಹಾಕೋದು?"

"ಅಷ್ಟೇ ಅಮ್ಮ. ಗೀಟಿನ ಮಟ್ಟಕ್ಕೆ ಬಂತು."

"ಗೀಟು ಎಳ್ದು ಊಟಕ್ಕಿಕ್ಕೋ ಮನೆ ಯಾವ್ದಪ್ಪ? ನಮ್ಮೋರಲ್ಲಿ ನಾನು ಕಂಡಿಲ್ಲ."

"ಇದು ಊಟ ಅಲ್ಲಮ್ಮ, ಗೇರ್ ಆಯಿಲು. ಜಾಸ್ತಿ ಆದ್ರೆ ಮುಂದಕ್ಕೆ ಹರಿದು ಕ್ಲಚ್ಚಿಗೆ ಹೋಗ್ತದೆ. ಕ್ಲಚ್ಚಿಗೆ ಎಣ್ಣೆ ತಾಗಿದ್ರೆ ಅದು ಜಾರ್ತದೆ. ಎಂಜಿನ್ ಕೂಗ್ತದೆ, ಗಾಡಿ ಹೋಗಲ್ಲ."

"ಬಾಯಿಲ್ದ ಜೀವ. ಬೇಕು ಅಂತ ಕೇಳ್ತದಾ, ಸಾಕು ಅಂತ ಕೈ ಅಡ್ಡ ಹಿಡೀತದಾ? ನಾವೇ ನೋಡಿ ಇಕ್ಬೇಕು" ಎಂದು ಅವ್ವ ಕಾರಿನ ಬೆನ್ನು ಸವರಿ ಒಳಗೆ ಹೋದಳು. ಅಪ್ಪ ನಕ್ಕುಬಿಟ್ಟ. ಆಗ ನಗದೆ ಎರಡು ಮಾತು ಗಟ್ಟಿಯಾಗಿ ಹೇಳಿದ್ದರೆ ನನಗೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಮುಳಬಾಗಿಲಿನಲ್ಲಿ ನೆಂಟರ ಮನೆಯಲ್ಲಿದ್ದು ಮಿಡ್ಲ್ ಸ್ಕೂಲು ಮುಗಿಸಿ, ಊರಿಗೆ ಬಂದು ಸೌದೆ ಒಲೆ ಊದುತ್ತ ಕೂತಿದ್ದೆ. ನನಗೆ ಮೇಡಮ್ಮು ಆಗಬೇಕೆಂಬ ಹುಚ್ಚು. ಕೋಲಾರದಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಹುಡುಗಿಯರನ್ನು ಆರಿಸುತ್ತಾರೆಂದು ತಿಳಿದು, ಅಪ್ಪನನ್ನು ಕಾಡಿ ಬೇಡಿ ಅರ್ಜಿ ಹಾಕಿಸಿದ್ದೆ. ಬರಹೇಳಿ ಕರೆ ಬಂತು. ಗುರುವಾರ ಹನ್ನೊಂದು ಗಂಟೆಗೆ ಹಾಜರಿರಬೇಕು, ತಡವಾಗಿ ಬಂದವರನ್ನು ನೋಡುವುದಿಲ್ಲ.

ಅವ್ವನ ಮನಸ್ಸಿನಲ್ಲಿ ಬೇರೆಯೇ ಇತ್ತು. ಶ್ರೀನಿವಾಸಪುರದಲ್ಲಿ ಅವಳ ತಮ್ಮನ ಮೊಮ್ಮಗ ಒಬ್ಬನಿದ್ದ. ಅವನ ಗುಣ ಏನೆಂದು ಕೇಳಿದಾಗಲೆಲ್ಲ ಅವ್ವ, "ಊಟ ಚೆನ್ನಾಗಿ ಮಾಡ್ತಾನೆ" ಎನ್ನುತ್ತಿದ್ದಳು. ಬೇರೆ ಗುಣ ಹೇಳಲಿಲ್ಲ. ಅವ್ವನಿಗೂ ಅಪ್ಪನಿಗೂ ಜಗಳವಾಗಿ, ಕೊನೆಗೆ ಒಂದು ರಾಜಿಯಾಯಿತು: ಕೋಲಾರದಲ್ಲಿ ನನ್ನನ್ನು ಆರಿಸಿಕೊಂಡರೆ ತರಬೇತಿಗೆ ಹೋಗುವುದು, ಇಲ್ಲದಿದ್ದರೆ ಬರುವ ತಿಂಗಳೇ ಶ್ರೀನಿವಾಸಪುರದವನ ಜೊತೆ ಮದುವೆ ಮಾತುಕತೆ ಮುಗಿಸುವುದು. ನಾನು ಗೋಡೆಯ ಆಚೆ ನಿಂತು ಎಲ್ಲ ಕೇಳಿಸಿಕೊಂಡೆ. ನನ್ನ ಬದುಕೆಲ್ಲ ಆ ಹನ್ನೊಂದು ಗಂಟೆಗೆ ಬಂದು ನಿಂತಿತು.

ಅಮ್ಮ ಏನಂದಳು ಎಂದು ನೀವು ಕೇಳಬಹುದು. ಅಮ್ಮ ಏನೂ ಅನ್ನಲಿಲ್ಲ. ಅತ್ತೆಯ ಎದುರು ಅವಳು ಉಪ್ಪು, ಹುಳಿ, ಒಲೆಯ ಉರಿ ಇಷ್ಟರ ಮೇಲೆ ಮಾತ್ರ ಮಾತಾಡುತ್ತಿದ್ದವಳು. ನಾನು ಹೋಗುವುದು ಅವಳಿಗೆ ಇಷ್ಟವೋ ಇಲ್ಲವೋ ಅನ್ನುವುದು ನನಗೆ ತಿಳಿಯಲಿಲ್ಲ, ಅದಕ್ಕೆ ನನಗೆ ಅವಳ ಮೇಲೆ ಒಳಗೊಳಗೇ ಸಿಟ್ಟಿತ್ತು.

ಗುರುವಾರ ಬೆಳಗಾಯಿತು. ಅಪ್ಪ ಕಣದಲ್ಲಿ ಕಾರು ನಿಲ್ಲಿಸಿ, ಹಲಗೆ ಎತ್ತಿ, ಕಡ್ಡಿ ನೋಡಿ, ಗೊಟ್ಟದಲ್ಲಿ ಒಂದಿಷ್ಟು ಆಯಿಲ್ ಹಾಕಿ ಮೇಲಿನ ಗೀಟಿಗೆ ಸರಿಯಾಗಿ ತಂದ. "ಇವತ್ತು ಎಲ್ಲಾ ಸರಿ ಇರ್ಬೇಕು ಕಣೇ" ಎಂದು ನನ್ನ ತಲೆ ಮುಟ್ಟಿ, ಹಲಗೆಯನ್ನು ಹಾಗೇ ತೆರೆದಿಟ್ಟು ಸ್ನಾನಕ್ಕೆ ಹೋದ. ನಾನು ಜಡೆ ಹೆಣೆದುಕೊಳ್ಳಲು ಒಳಗೆ ಹೋದೆ. ಅಪ್ಪ ಸ್ನಾನ ಮುಗಿಸಿ, ಪೂಜೆ ಮುಗಿಸಿ, ಮುದ್ದೆ ಉಂಡು ಬಂದು, ಬೆಳಿಗ್ಗೆಯೇ ನೋಡಿದ್ದಾಗಿದೆಯಲ್ಲ ಎಂದು ಕಡ್ಡಿ ಮುಟ್ಟದೆ ಹಲಗೆ ಮುಚ್ಚಿದ. ಅವ್ವ ಸೀರೆ ಸುತ್ತಿಕೊಂಡು, ಗಂಟು ಹಿಡಿದು ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. ಹೆಣ್ಣುಮಗು ಊರೂರು ಸುತ್ತುವಾಗ ದೊಡ್ಡವರೊಬ್ಬರು ಬೇಡವೇ ಎಂದಳು. ಅಪ್ಪನನ್ನು ಅವಳು ದೊಡ್ಡವರಲ್ಲಿ ಸೇರಿಸಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, ಕಾರು ತಿರುವು ದಾಟುವ ತನಕ ನೋಡುತ್ತಿದ್ದಳು.

ಮುಳಬಾಗಿಲು ದಾಟುವವರೆಗೆ ಕಾರು ಚೆನ್ನಾಗಿ ಓಡಿತು. ಅಪ್ಪ ಹಾಡು ಗುನುಗಿದ. ರಸ್ತೆಯಲ್ಲಿ ಸಿಕ್ಕಿದ ಗಾಡಿಗಳನ್ನೆಲ್ಲ ಕಾರು ಹಿಂದೆ ಹಾಕಿದಾಗ ಅವ್ವ ಒಳಗಿನಿಂದಲೇ ಕೈ ಆಡಿಸಿದಳು. ಆಮೇಲೆ ಕೋಲಾರದ ದಾರಿಯಲ್ಲಿ ಒಂದು ಉದ್ದನೆಯ ಏರು ಬಂತು. ಅರ್ಧ ಏರಿದ್ದೆವೋ ಇಲ್ಲವೋ, ಎಂಜಿನ್ ಒಮ್ಮೆಗೇ ಕೂಗತೊಡಗಿತು. ಅಪ್ಪ ಒತ್ತಿದಷ್ಟೂ ಕೂಗು ಜಾಸ್ತಿಯಾಯಿತು, ಕಾರು ನಿಧಾನವಾಯಿತು, ಕೊನೆಗೆ ಕೂಗುತ್ತಲೇ ನಿಂತಿತು, ನಿಂತದ್ದು ಹಿಂದಕ್ಕೆ ಜಾರತೊಡಗಿತು. ಅಪ್ಪ ಬ್ರೇಕು ಹಾಕಿ, ನನ್ನನ್ನು ಇಳಿಸಿ ಚಕ್ರಕ್ಕೆ ಕಲ್ಲು ಕೊಡಿಸಿದ. ಕಾರಿನ ಹೊಟ್ಟೆಯಿಂದ ಹೊಗೆ ಬರುತ್ತಿತ್ತು. ಆ ಹೊಗೆಯ ವಾಸನೆ ನಮಗೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ.

"ಹರಳೆಣ್ಣೆ!" ಎಂದ ಅಪ್ಪ.

ಅವ್ವ ಆಚೆ ಕಡೆಯ ಹುಣಸೆಮರ ನೋಡುತ್ತ ಕೂತಳು.

"ಅಮ್ಮಾ, ಗೇರ್ ಬಾಕ್ಸಿಗೆ ಏನಾದ್ರೂ ಹಾಕಿದ್ಯಾ?"

"ಒಂದು ಗೊಟ್ಟ. ಮನೇಲಿ ಕಾಯಿಸಿದ್ದು. ಅಂಗಡೀದಲ್ಲ" ಎಂದಳು ಅವ್ವ, ಅದು ಅಂಗಡಿಯದಾಗಿದ್ದರೆ ಮಾತ್ರ ತಪ್ಪು ಅನ್ನುವ ಹಾಗೆ. "ದೂರ ಹೋಗೋ ಎತ್ತಿಗೆ ಹಾಕಲ್ವಾ? ಇದು ಕೋಲಾರದ ತನಕ ಹೋಗ್ಬೇಕು. ನೀನು ಗೀಟು ನೋಡ್ಕೊಂಡು ಅರೆಹೊಟ್ಟೇಲಿ ಹೊರಡಿಸ್ತಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಇವತ್ತಿಗೂ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆ, ಆಗಂತೂ ಕೇಳಬೇಡಿ. "ನೀನು ಬೇಕಂತಲೇ ಹಾಕಿದ್ದೀಯ ಅವ್ವ! ನಾನು ಕೋಲಾರ ಸೇರ್ಬಾರ್ದು, ಶ್ರೀನಿವಾಸಪುರಕ್ಕೆ ಹೋಗ್ಬೇಕು ಅಂತ" ಎಂದು ನಡುರಸ್ತೆಯಲ್ಲಿ ಕೂಗಾಡಿದೆ.

ಅವ್ವನ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಅವಳೂ ಕೂಗಿದಳು. ತೀರಾ ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಏಮೇ, ಏಮಂಟಿವೇ? ನಿನ್ನ ಶ್ರೀನಿವಾಸಪುರಕ್ಕೆ ಕಳಿಸ್ಬೇಕು ಅಂದ್ರೆ ರಟ್ಟೆ ಹಿಡ್ಕೊಂಡು ಕಳಿಸ್ತಿದ್ದೆ ಕಣೇ! ಕದ್ದು ಎಣ್ಣೆ ಹುಯ್ದು ಕಳಿಸೋ ಅಷ್ಟು ಹೆದರಿಕೆ ನನಗ್ಯಾರದು? ಹೋಗೋಳು ಹೋಗ್ತೀಯ, ದಾರೀಲಿ ನಿಲ್ಲೋದು ಬೇಡ ಅಂತ ಹಾಕ್ದೆ."

ನಾವಿಬ್ಬರೂ ಕಿತ್ತಾಡುತ್ತಿರುವಾಗ ಅಪ್ಪ ಪಂಚೆ ಎತ್ತಿ ಕಟ್ಟಿ ಕಾರಿನ ಅಡಿಗೆ ನುಸುಳಿ, ಗೇರ್ ಬಾಕ್ಸಿನ ಕೆಳಗಿನ ತಿರುಪು ಸಡಿಲಿಸುತ್ತಿದ್ದ. ಎಣ್ಣೆ ಬಿಡುತ್ತಾನೆಂದು ಗೊತ್ತಾದ ಕೂಡಲೇ ಅವ್ವ ಜಗಳ ಅರ್ಧಕ್ಕೇ ಬಿಟ್ಟು ನೀರಿನ ಚೊಂಬು ಖಾಲಿ ಮಾಡಿಕೊಂಡು ಓಡಿಬಂದಳು. ಒಳ್ಳೇ ಹರಳೆಣ್ಣೆ ಮಣ್ಣುಪಾಲಾಗಬಾರದು. ಅಪ್ಪ ಮಲಗಿದಲ್ಲೇ ಚೊಂಬು ಹಿಡಿದ. ಚೊಂಬು ತುಂಬಿತು. ಊಟದ ಬುತ್ತಿಯ ಮುಚ್ಚಳ ಕೊಟ್ಟೆವು, ಅದೂ ತುಂಬಿತು.

"ಇದು ಒಂದು ಗೊಟ್ಟ ಅಲ್ಲಮ್ಮ. ಎಷ್ಟು ಹಾಕ್ದೆ ನಿಜ ಹೇಳು" ಎಂದು ಕಾರಿನಡಿಯಿಂದ ಅಪ್ಪನ ದನಿ ಬಂತು.

"ದೇವರಾಣೆ ಒಂದೇ ಗೊಟ್ಟ! ನಿನ್ನ ಕಾರೇ ಒಳಗೆ ಮರಿ ಹಾಕ್ತೇನೋ!"

ಅಷ್ಟರಲ್ಲಿ ನಾವು ಆಗ ಹಿಂದೆ ಹಾಕಿದ್ದ ಎತ್ತಿನ ಗಾಡಿಯೊಂದು ನಮ್ಮನ್ನು ಸೇರಿತು. ಗಾಡಿಯವನು ಅಪ್ಪನ ಕಾಲುಗಳನ್ನು ನೋಡಿ, "ಸ್ವಾಮೀ, ಎತ್ತು ಕಟ್ಲಾ?" ಎಂದು ವಿಚಾರಿಸಿದ. "ಬೇಡಪ್ಪ, ಎಣ್ಣೆ ಕುಡ್ಕೊಂಡು ಸುಧಾರಿಸ್ಕೊಂತಿದೆ" ಎಂದು ಅವ್ವ ಅವನನ್ನು ಕಳಿಸಿದಳು.

ಗೇರ್ ಬಾಕ್ಸಿನ ಎಣ್ಣೆ ಗೀಟಿಗೆ ಇಳಿಯಿತು. ಆದರೆ ಕ್ಲಚ್ಚು ಆಗಲೇ ತೊಯ್ದು ಹೋಗಿತ್ತು. ಅಪ್ಪ ಮತ್ತೆ ಎಂಜಿನ್ ಹಾಕಿದ. ಕಾರು ಕೂಗಿತು, ಮಿಸುಕಲಿಲ್ಲ. ಅಪ್ಪನ ಮುಖ ಪೂರ್ತಿ ಕಪ್ಪಾಗಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಅವನು ನನ್ನ ಕಡೆ ನೋಡದೆ, "ಇಳಿಜಾರಲ್ಲಿ ತಿರುಗಿಸಿ ಮನೆ ಕಡೆ ಹೋಗ್ಬಹುದು ಅಷ್ಟೆ, ಮಗಳೇ" ಎಂದ. ನಾನು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತು ಅತ್ತೆ. ಆ ಊಟ ಚೆನ್ನಾಗಿ ಮಾಡುವವನಿಗೆ ಜನ್ಮವೆಲ್ಲ ಬಡಿಸುತ್ತ ಇರುವುದನ್ನು ನೆನೆದು ನನಗೆ ಭಯವಾಯಿತು.

ಅವ್ವ ನನ್ನನ್ನು ನೋಡಿದಳು, ಕಾರನ್ನು ನೋಡಿದಳು. ತಾನು ಕೇಳಿದ ಶ್ರೀನಿವಾಸಪುರದ ಸಂಬಂಧ ಸುಮ್ಮನೆ ಕೂತರೆ ಅವಳ ಕೈಗೆ ಬರುತ್ತಿತ್ತು. ಅವಳು ಸುಮ್ಮನೆ ಕೂರಲಿಲ್ಲ.

"ಏನ್ಲಾ, ಎಣ್ಣೆ ಎಲ್ಲಿಗೆ ತಾಗಿದೆ ಅಂದೆ?"

"ಕ್ಲಚ್ಚಿಗಮ್ಮ. ಒಣಗಿದ್ರೆ ಹಿಡೀತದೆ. ಒಣಗಲ್ಲ."

"ಮೈಗೆ ಎಣ್ಣೆ ಹತ್ಕೊಂಡ್ರೆ ಒಣಗ್ಲಿ ಅಂತ ಬಿಸಿಲಲ್ಲಿ ಕೂರ್ತಾರಾ?" ಎಂದು ಅವ್ವ ಗಂಟು ಬಿಚ್ಚಿ, ಒಂದು ಬಟ್ಟೆಯ ಚೀಲ ತೆಗೆದಳು. ಅದರ ತುಂಬ ಸೀಗೇಪುಡಿ. ರಾತ್ರಿ ಕೋಲಾರದಲ್ಲಿ ಅವಳ ತಂಗಿಯ ಮಗಳ ಮನೆಯಲ್ಲಿ ಉಳಿಯುವುದೆಂದು, ಮಾರನೇ ದಿನ ಶುಕ್ರವಾರದ ಎಣ್ಣೆಸ್ನಾನಕ್ಕೆ ಅವಳು ತಂದದ್ದು. ಪೇಟೆಯವರ ಸೀಗೇಪುಡಿಯ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ.

ಅಪ್ಪ ನಗಬೇಕೋ ಅಳಬೇಕೋ ತಿಳಿಯದೆ ನಿಂತ. ಆದರೆ ಬೇರೆ ದಾರಿ ಅವನಿಗೂ ಇರಲಿಲ್ಲ. ಕ್ಲಚ್ಚಿನ ಮೇಲಿನ ಸಣ್ಣ ಕಿಂಡಿ ತೆಗೆದು, ಎಂಜಿನ್ ಮೆಲ್ಲಗೆ ತಿರುಗುತ್ತಿರುವಾಗ ನನ್ನ ಕೈಯಿಂದ ಹಿಡಿ ಹಿಡಿಯಾಗಿ ಪುಡಿ ಹಾಕಿಸಿದ. ಅವ್ವ ಹಿಂದಿನಿಂದ, "ಇನ್ನೊಂದು ಹಿಡಿ, ಇನ್ನೊಂದು ಹಿಡಿ" ಎನ್ನುತ್ತಿದ್ದಳು. ಅಪ್ಪ ಸೀಟಿಗೆ ಹೋಗಿ ಕಾಲಲ್ಲಿ ಕ್ಲಚ್ಚು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದ. ಕಂದು ಬಣ್ಣದ ಧೂಳು ಎದ್ದು ಮೂವರೂ ಸೀನಿದೆವು. ಸುಟ್ಟ ಹರಳೆಣ್ಣೆ, ಸುಟ್ಟ ಸೀಗೆ, ಬಚ್ಚಲುಮನೆಗೆ ಬೆಂಕಿ ಬಿದ್ದರೆ ಬರುವಂಥ ವಾಸನೆ. ಆಮೇಲೆ ಕಾರು ಒಮ್ಮೆ ಜಗ್ಗಿತು, ಮತ್ತೆ ಜಗ್ಗಿತು, ಆರಂಭದಲ್ಲಿ ಕುಂಟುತ್ತ, ಆಮೇಲೆ ನೆಟ್ಟಗೆ ಏರು ಹತ್ತಿತು. ನಿಂತರೆ ಮತ್ತೆ ಕೆಟ್ಟೀತೆಂದು ಅಪ್ಪ ನಿಲ್ಲಿಸಲಿಲ್ಲ. ನಾನೂ ಅವ್ವನೂ ಓಡಿಕೊಂಡು ಹೋಗಿ ಹತ್ತಿದೆವು. ಸೀರೆ ಎತ್ತಿ ಹಿಡಿದು ಅವ್ವ ಓಡಿದ ಓಟವನ್ನು ಆ ಗಾಡಿಯವನು ಮುಂದೆ ನಿಂತು ನೋಡುತ್ತಿದ್ದ.

ಕೋಲಾರ ತಲುಪಿದಾಗ ಹನ್ನೊಂದು ಹೊಡೆದು ಬಹಳ ಹೊತ್ತಾಗಿತ್ತು. ಜವಾನ ಒಳಗೆ ಬಿಡುವುದಿಲ್ಲ ಎಂದ. ಅವ್ವ ಅವನನ್ನು ಮಾತಿಗೆ ಎಳೆದಳು, ನಾನು ನುಗ್ಗಿದೆ. ಒಳಗೆ ದಪ್ಪ ಕನ್ನಡಕದ ಒಬ್ಬ ಹೆಂಗಸು, ಪೇಟ ತೊಟ್ಟ ಒಬ್ಬ ಇನ್‌ಸ್ಪೆಕ್ಟರು ಕೂತಿದ್ದರು. ಬಂದ ಹುಡುಗಿಯರಿಗೆಲ್ಲ ಹಸುವಿನ ಬಗ್ಗೆ ಒಂದು ಸಣ್ಣ ಪಾಠ ಮಾಡಲು ಹೇಳಿದ್ದರಂತೆ. ಬೆಳಗಿನಿಂದ ಹಸುವಿಗೆ ನಾಲ್ಕು ಕಾಲು ಎಂದು ಕೇಳಿ ಕೇಳಿ ಇನ್‌ಸ್ಪೆಕ್ಟರು ತೂಕಡಿಸುತ್ತಿದ್ದರು. ನಾನು ಹತ್ತಿರ ಹೋದ ಕೂಡಲೇ ಆ ವಾಸನೆಗೆ ಅವರಿಗೆ ಎಚ್ಚರವಾಯಿತು.

"ಯಾಕಮ್ಮ ತಡ? ಕೈಯೆಲ್ಲ ಏನಿದು?" ಎಂದರು ಕನ್ನಡಕದವರು.

ನನಗೆ ಸುಳ್ಳು ಹೊಳೆಯಲಿಲ್ಲ. ಗೇರ್ ಬಾಕ್ಸು, ಕ್ಲಚ್ಚು, ಹರಳೆಣ್ಣೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು, "ಹಸು ಬೇಡ. ಇದನ್ನೇ ಪಾಠ ಮಾಡು ನೋಡೋಣ" ಎಂದು ಕರಿಹಲಗೆ ತೋರಿಸಿದರು.

ನಾನು ಕಡ್ಡಿ ಬರೆದೆ, ಎರಡು ಗೀಟು ಎಳೆದೆ. "ನೋಡಿ ಮಕ್ಕಳೇ, ಮೇಲಿನ ಗೀಟಿಗಿಂತ ಹೆಚ್ಚು ಎಣ್ಣೆ ಹುಯ್ಯಬಾರದು" ಎಂದೆ.

"ಯಾಕೆ ಹುಯ್ಯಬಾರ್ದು?" ಎಂದು ಬಾಗಿಲಿನಿಂದ ಒಂದು ದನಿ ಬಂತು. ಅವ್ವ! ಜವಾನನನ್ನು ಗೆದ್ದು ಬಂದು ಹೊಸಿಲ ಮೇಲೆ ನಿಂತಿದ್ದಳು. "ನೀವೇ ಹೇಳ್ರಮ್ಮ, ಇಕ್ಕೋ ಕೈಗೆ ಗೀಟು ಹಾಕ್ತಾರಾ?"

ಮುಗಿಯಿತು ಅಂದುಕೊಂಡೆ. ಇನ್‌ಸ್ಪೆಕ್ಟರು ಎದ್ದು ಅವಳನ್ನು ಕಳಿಸಲು ಹೋದರು. ಕನ್ನಡಕದವರು ಕೈ ಎತ್ತಿ ತಡೆದು, ನನ್ನ ಕಡೆ ತಿರುಗಿ, "ಕೇಳ್ತಿದ್ದಾರಲ್ಲ, ಉತ್ತರ ಹೇಳು" ಎಂದರು.

ಅಪ್ಪ ಹೇಳಿದ ಮಾತುಗಳು ಯಾವುವೂ ಅವ್ವನ ತಲೆಗೆ ಹೋಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕರಿಹಲಗೆ ಬಿಟ್ಟು ಅವಳ ಹತ್ತಿರ ಹೋದೆ. "ಅವ್ವಾ, ಎತ್ತಿಗೆ ಹೊಟ್ಟೆ ಉಬ್ಬರಿಸೋ ಹಾಗೆ ಹುಲ್ಲು ಹಾಕಿ ನೊಗ ಕಟ್ಟಿದ್ರೆ ಗಾಡಿ ಎಳೀತದಾ?"

"ಎಲ್ಲಿ ಎಳೀತದೆ? ಮಲಗ್ತದೆ."

"ಕಾರೂ ಹಾಗೇ ಮಲಗ್ತು. ಅದಕ್ಕೆ ಸಾಕು ಅನ್ನೋಕೆ ಬಾಯಿಲ್ಲ ಅಂದ್ಯಲ್ಲ, ಆ ಮೇಲಿನ ಗೀಟೇ ಅದು ಸಾಕು ಅನ್ನೋದು. ಮೂರು ಸಲ ಅನ್ನೋಕೆ ಅದಕ್ಕೆ ಬರಲ್ಲ, ಒಂದೇ ಸಲ ಅಂತದೆ."

ಅವ್ವ ಯೋಚಿಸಿದಳು. "ಹಂಗಂತ ಮೊದ್ಲೇ ಯಾರಾದ್ರೂ ಹೇಳಿದ್ರಾ ನಂಗೆ?" ಎಂದು ಹೊಸಿಲಿನಿಂದ ಇಳಿದು ಹೋದಳು. ಕನ್ನಡಕದವರು ಬಾಯಿಗೆ ಸೆರಗು ಹಿಡಿದು ನಕ್ಕರು. ಸಂಜೆ ಓದಿದ ಹೆಸರುಗಳಲ್ಲಿ ನನ್ನದೂ ಇತ್ತು. ನಾನು ಅಪ್ಪನನ್ನು ತಬ್ಬಿಕೊಂಡು ಅವನ ಶರಟಿನ ಕಪ್ಪನ್ನೆಲ್ಲ ಮೈಗೆ ಮೆತ್ತಿಕೊಂಡೆ. ಅವ್ವ ಮಾತ್ರ ರಾತ್ರಿಯೆಲ್ಲ ತಂಗಿಯ ಮಗಳಿಗೆ, "ನಾನು ಕೇಳ್ದೆ ಇದ್ದಿದ್ರೆ ಇವಳಿಗೆಲ್ಲಿ ಸಿಕ್ತಿತ್ತು" ಎಂದು ಹೇಳುತ್ತಲೇ ಇದ್ದಳು. ಅದು ನಿಜವೇ.

ಶುಕ್ರವಾರ ಮಧ್ಯಾಹ್ನ ಊರು ಸೇರಿದೆವು. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ನಿನ್ನೆಯಿಂದ ಅಲ್ಲೇ ಇದ್ದಾಳೇನೋ ಅನ್ನುವ ಹಾಗೆ. ಆರಿಸಿದರೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ನನ್ನ ಕೈ ಹಿಡಿದು, "ಕಾರು ದಾರೀಲಿ ಎಲ್ಲೂ ನಿಲ್ಲಲಿಲ್ಲ ತಾನೇ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ, ಅತ್ತೆ ಎದುರಿಗಿದ್ದಾಳೆಂಬುದನ್ನೂ ಮರೆತು ಅವಳೇ ಮುಂದುವರಿಸಿದಳು. "ನಿಲ್ಲಲ್ಲ ಅಂತ ನಂಗೊತ್ತಿತ್ತು. ಅವರು ಸ್ನಾನಕ್ಕೆ ಹೋದಾಗ, ಅತ್ತೆ ಸೀರೆ ಉಟ್ಕೊಳ್ಳೋವಾಗ, ಯಾರಿಗೂ ಕಾಣ್ದಂಗೆ ನಾನೂ ಗೊಟ್ಟದಲ್ಲಿ ಎಣ್ಣೆ ಹಾಕಿದ್ದೆ. ಹೊಟ್ಟೆ ತುಂಬ ಹಾಕ್ದೆ. ನೀನು ಹೊತ್ತಿಗೆ ಸರಿಯಾಗಿ ಹೋಗ್ಲಿ ಅಂತ."

ಇಷ್ಟು ದಿನ ಇವಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಪಕ್ಕದಲ್ಲಿ ಅಪ್ಪ ಎಲ್ಲ ಅರ್ಥವಾಗಿ, "ಓಹೋ, ಅದಕ್ಕೇ ಆ ಏರಲ್ಲಿ" ಎಂದು ಶುರುಮಾಡಿದ. ಅವ್ವ ಅವನ ಕಾಲನ್ನು ಬಲವಾಗಿ ತುಳಿದಳು.

"ಎಲ್ಲೂ ನಿಲ್ಲಲಿಲ್ಲ ಕಣಮ್ಮ" ಎಂದಳು ಸೊಸೆಗೆ. "ಏರಲ್ಲೂ ನಿಲ್ಲಲಿಲ್ಲ. ನೀನು ಹಾಕಿದ್ದಕ್ಕೇ ಹೊತ್ತಿಗೆ ಸರಿಯಾಗಿ ಹೋದ್ವಿ. ನಿನ್ನ ಮಗಳಿಗೆ ಸಿಕ್ತು."

ಅಮ್ಮ ಅತ್ತೆಯ ಮುಂದೆ ಬಾಯಿ ಬಿಟ್ಟು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ.